ಬಾನೆಟ್ ಎತ್ತಿ ನೋಡುವ ಚಟ

ಅಂಕೋಲೆಯಲ್ಲಿ ನನ್ನ ಹಳೆಯ ಜೀಪಿಗೆ ಎರಡು ಹೆಚ್ಚುವರಿ ಲೈಟು ಕೂರಿಸಿಕೊಟ್ಟ ಎಲೆಕ್ಟ್ರಿಷಿಯನ್ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಪಕ್ಕದ ಕೇಣಿ ಬಂದರಿನ ದೋಣಿಗಳಿಗೆ ದೀಪ ಹಾಕಿ ಪಳಗಿದ್ದ ಆತ ವಯರಿನ ತುದಿಯನ್ನು ಹಲ್ಲಿನಿಂದಲೇ ಸುಲಿಯುತ್ತಿದ್ದ. ಏನು ಕೇಳಿದರೂ "ಹೆದರೂಕೆ ಎಂತದ್ದೂ ಇಲ್ರಾ" ಎನ್ನುತ್ತಿದ್ದ. ಅದನ್ನು ಕೇಳಿದಾಗಲೇ ನನಗೆ ಹೆಚ್ಚು ಹೆದರಿಕೆ. ಜೀಪು ಹೊತ್ತಿ ಉರಿದೀತೆಂದು ದಿನಕ್ಕೆ ಹತ್ತು ಸಲ ಬಾನೆಟ್ ಎತ್ತಿ ವಯರು ಮುಟ್ಟಿ ನೋಡುತ್ತಿದ್ದೆ.

ವಾರದೊಳಗೆ ಹಿಲ್ಲೂರಿನ ಕಾಡುದಾರಿಯಲ್ಲಿ ಎರಡೂ ಲೈಟು ಆರಿದವು. ಸಿಟ್ಟಿನಿಂದ ಅವನ ಮುಂದೆ ಜೀಪು ತಂದು ನಿಲ್ಲಿಸಿದೆ. ಬಾನೆಟ್ಟಿನ ಸಂದಿಗೆ ಸಿಕ್ಕಿ ಜಜ್ಜಿಹೋದ ವಯರನ್ನು ಅವನು ತೋರಿಸಿದ.

"ಫ್ಯೂಜು ಸುಟ್ಟು ಜೀಪು ಉಳೀತು. ಈ ಬಾನೆಟ್ಟನ್ನ ಎಷ್ಟು ಸಲ ಎತ್ತಿ ಹಾಕಿದ್ರಿ, ಮಾರಾಯ್ರೆ?"

ವಯರನ್ನು ಬಾನೆಟ್ಟಿಗೆ ತಾಗದಂತೆ ಬೇರೆ ಬದಿಯಿಂದ ಎಳೆದು ಕಟ್ಟಿ ಅವನೆಂದ: "ಇನ್ನು ಎಷ್ಟು ಸಲ ಎತ್ತಿ ನೋಡಿದ್ರೂ ಅಡ್ಡಿಲ್ರಾ."