ಒಂದಕ್ಕೆ

ಕೆಲಸಕ್ಕೆ ಹೋಗಲು ಡೊಂಬಿವಲಿಯಿಂದ ಥಾಣೆಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಅಷ್ಟರಲ್ಲೇ ತಡೆಯಲಾಗದೆ ಒಂದೇ ತಿಂಗಳಲ್ಲಿ ಎರಡು ಸಲ ನನ್ನ ಸೀರೆ ಒದ್ದೆಯಾಯಿತು. ಗಂಡ "ಕೆಲಸ ಬಿಡು" ಅಂದರು. ಕೆಲಸ ಬಿಡುವುದಿಲ್ಲ, ಈ ಕಾಟವನ್ನೇ ಬಿಡಿಸುತ್ತೇನೆ ಅಂತ ಥಾಣೆಯ ಮಾಜಿವಾಡಾದ ಕ್ಲಿನಿಕ್ಕಿಗೆ ಹೋದೆ.

ಅಲ್ಲಿನ ಫಿಸಿಯೋಥೆರಪಿಸ್ಟ್ ಉಡುಪಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡದಲ್ಲೇ ಕೇಳಿದಳು, "ಏನು ತೊಂದರೆ ಆಂಟಿ?"

ಪರದೆಯ ಆಚೆ ಜನ ಕೂತಿದ್ದರು. ಮೆಲ್ಲಗೆ ಹೇಳಿದೆ, "ಒಂದಕ್ಕೆ ಭಾರೀ ಅರ್ಜೆಂಟ್ ಆಗ್ತದೆ."

ಅವಳು ಬರೆದುಕೊಂಡಳು. "ಒಂದು ಗಂಟೆಗೆ ಮಾತ್ರವಾ? ಬೇರೆ ಟೈಮಲ್ಲಿ ಇಲ್ವಾ?"

ಐವತ್ತೆರಡು ವರ್ಷಗಳಲ್ಲಿ ಮೊದಲ ಸಲ ಬೇರೆಯವರೆದುರು ಆ ಶಬ್ದ ಗಟ್ಟಿಯಾಗಿ ಹೇಳಿದೆ. "ಮೂತ್ರ, ಮಗಾ. ತಡೆಯಲಿಕ್ಕೆ ಆಗುವುದಿಲ್ಲ. ಇಡೀ ದಿನ."

ಅವಸರವಾದಾಗ ಓಡಬಾರದು, ಇದ್ದಲ್ಲೇ ನಿಂತು ಕೆಳಗಿನ ಸ್ನಾಯುಗಳನ್ನು ನಾಲ್ಕೈದು ಸಲ ಬಿಗಿಹಿಡಿದು ಬಿಡಬೇಕು, ಅವಸರ ಇಳಿದ ಮೇಲೆ ನಡೆಯಬೇಕು ಅಂತ ಕಲಿಸಿದಳು. ಇದಕ್ಕೆ ಬಗ್ಗದಿದ್ದರೆ ಡಾಕ್ಟರ ಹತ್ತಿರ ಮಾತ್ರೆಯೂ ಇದೆ ಅಂದಳು. ಮೂರು ತಿಂಗಳು ಲೋಕಲ್‌ನಲ್ಲಿ ಕಂಬ ಹಿಡಿದು ಅದನ್ನೇ ಮಾಡಿದೆ. ಚಹಾ ಕಡಿಮೆ ಮಾಡಿದೆ. ಈಗ ಸೀರೆ ಒದ್ದೆಯಾಗದೆ ಥಾಣೆಯ ವಾಗ್ಳೆ ಎಸ್ಟೇಟಿನ ನನ್ನ ಆಫೀಸು ಮುಟ್ಟುತ್ತೇನೆ.

ಮೊನ್ನೆ, ಮುಂದಿನ ಸಲ ಎಷ್ಟು ಗಂಟೆಗೆ ಬರಲಿ ಅಂತ ಕೇಳಿದೆ. ಫೈಲಿನಿಂದ ತಲೆ ಎತ್ತದೆ ಅವಳು ಹೇಳಿದಳು, "ಒಂದಕ್ಕೆ ಬನ್ನಿ."

ನಗು ತಡೆಯುವ ವ್ಯಾಯಾಮ ಅವಳು ಇನ್ನೂ ಕಲಿಸಿಲ್ಲ.