‘ಕೊಂಡೀನಿ’ ಎಂಬ ಮಾತಿನ ಫ್ರೆಂಚು

“ನನ್ನನ್ನು ಈ ಸಾವುಕಾರರು ಕೊಂಡುಕೊಂಡಿದ್ದಾರೆ, ನಾನು ಮಾರಾಟವಾದವನು” ಎಂದು ಒಬ್ಬ ಫ್ರೆಂಚ್ ದೊರೆಯ ಎದುರು ನಿಂತು, ಎದೆ ಉಬ್ಬಿಸಿ, ಅವನ ಭಾಷೆಯಲ್ಲೇ ಹೇಳಿದವನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಯಾರೂ ನನ್ನ ಕುತ್ತಿಗೆ ಹಿಸುಕಿ ಹೇಳಿಸಲಿಲ್ಲ. ನಗುನಗುತ್ತ ಹೇಳಿದೆ. ಹೇಳಿ ಆದಮೇಲೆ ದೊರೆ ಶಹಭಾಸ್ ಅನ್ನುತ್ತಾನೆಂದು ಕಾದುಕೊಂಡೂ ನಿಂತೆ.

ನಾನು ಹೇಳಬೇಕೆಂದಿದ್ದದ್ದು ಇಷ್ಟೇ: ಹೋದ ವರ್ಷ ಹೊಳಗುಂದಕ್ಕೆ ಹೋಗಿ ಸಾವುಕಾರರ ಮುಖಾಂತರ ಹತ್ತಿ ಕೊಂಡಿದ್ದೇನೆ, ಆದವಾನಿಗೆ ತಂದು ಮಾರಿದ್ದೇನೆ.

ಅಪ್ಪ ಆ ಸಾವುಕಾರರ ಜಿನ್ನಿನಲ್ಲೇ ಕೆಲಸಕ್ಕಿದ್ದ. ಹತ್ತಿಯಿಂದ ಕಾಳು ಬೇರೆ ಮಾಡುವ ಯಂತ್ರದ ಬಾಯಿಗೆ ಹತ್ತಿ ಉಣಿಸುವುದು ಅವನ ಕೆಲಸ. ಯಂತ್ರ ಉಗುಳುವ ಧೂಳು ಅರ್ಧ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು, ಅರ್ಧ ಅಪ್ಪನ ಎದೆಯೊಳಗೆ. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬೆಳ್ಳಗೆ. “ಮುಂಜಾನಿ ಗಂಡ ಹೋದ, ಸಂಜಿಗೆ ಮಾವ ಬಂದಾನ ನೋಡು” ಎಂದು ಅವ್ವ ಚಾಷ್ಟಿ ಮಾಡುತ್ತಿದ್ದಳು. ಅಪ್ಪನಿಗೆ ಕೆಮ್ಮು ಹತ್ತಿದ ಮೇಲೆ ಅವಳ ಚಾಷ್ಟಿ ನಿಂತಿತು. ಸರ್ಕಾರಿ ದವಾಖಾನೆಯ ಡಾಕ್ಟರು ಧೂಳಿನ ಕೆಲಸ ಬಿಡಿಸಿ ಎಂದರು. ಅಪ್ಪ ಜಿನ್ನು ಬಿಡಬೇಕಾದರೆ ಮನೆಯಲ್ಲಿ ಇನ್ನೊಬ್ಬ ದುಡಿಯಬೇಕು. ಆ ಇನ್ನೊಬ್ಬ ಅಂದರೆ ನಾನು. ಹೋದ ಸುಗ್ಗಿಯಲ್ಲಿ ಒಂದು ಸಲ ಹೊಳಗುಂದಕ್ಕೆ ಹತ್ತಿ ತರಲು ಹೋಗಿದ್ದು ಬಿಟ್ಟರೆ, ಎಸ್ಸೆಸ್ಸೆಲ್ಸಿ ದಾಟಿ ಸ್ಟೇಷನ್ ಕಟ್ಟೆಯ ಮೇಲೆ ಕೂತು ಹೋಗಿಬರುವ ರೈಲಿಗೆಲ್ಲ ಹೆಸರಿಡುವುದೇ ನನ್ನ ಉದ್ಯೋಗವಾಗಿತ್ತು.

ಹೀಗಿರುವಾಗ ಸಾವುಕಾರರು ಒಂದು ಸುದ್ದಿ ತಂದರು. ಪಾಂಡಿಚೇರಿಯ ಒಂದು ಬಟ್ಟೆ ಗಿರಣಿಗೆ ಹತ್ತಿ ಕೊಳ್ಳಲು ಸುಗ್ಗಿಯಲ್ಲಿ ಒಬ್ಬ ಫ್ರೆಂಚ್ ದೊರೆ ಬರುತ್ತಾನೆ. ಹಿಂದಿನ ವರ್ಷ ಅವನ ಗುಮಾಸ್ತ ಯಾರ ಹತ್ತಿರವೋ ಲಂಚ ತಿಂದು ನೀರು ಹೊಡೆದ ಹತ್ತಿ ತೂಗಿಸಿಕೊಂಡಿದ್ದಾನೆ. ಈ ಸಲ ದೊರೆಗೆ ಕನ್ನಡ, ತೆಲುಗು ಬಲ್ಲ, ತನ್ನ ಜೊತೆ ನೇರ ಫ್ರೆಂಚಿನಲ್ಲಿ ಮಾತಾಡಬಲ್ಲ ಹೊಸ ಗುಮಾಸ್ತ ಬೇಕು. “ನಿಮ್ ಹುಡುಗ ಬಾಯಿಬಡಕ ಅದಾನ, ಕಲಿಸ್ರಿ. ದೊರಿಗೆ ಒಂದು ಮಾತು ನಾ ಹೇಳ್ತೀನಿ” ಎಂದು ಸಾವುಕಾರರು ಅಪ್ಪನಿಗೆ ಹೇಳಿದರು. ಅಪ್ಪ ಮನೆಗೆ ಬಂದು ಊಟಕ್ಕೂ ಕೂರದೆ ಕೇಳಿದ: “ಕಲೀತಿ ಏನಲೇ?”

“ಅದೇನು ಮಹಾ, ಕಲೀತೀನಿ” ಅಂದೆ. ಫ್ರೆಂಚು ಅಂದರೆ ಇಂಗ್ಲಿಷನ್ನೇ ಮೂಗಿನಲ್ಲಿ ಮಾತಾಡುವುದು ಎಂದು ನಾನು ತಿಳಿದಿದ್ದೆ.

ಕಲಿಸಲು ಜನ ಇದ್ದರು. ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನ ಇಂಜಿನ್ ಫಿಟ್ಟರನ ಹೆಂಡತಿ ಪಾಂಡಿಚೇರಿಯವರು, ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿದವರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಅನ್ನುತ್ತಿದ್ದರು. ಮಧ್ಯಾಹ್ನ ಅವರು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತ ಪಾಠ ಹೇಳುವರು, ನಾನು ಮೆಟ್ಟಿಲ ಮೇಲೆ ಕೂತು ಒಪ್ಪಿಸುವುದು. ಎಣಿಕೆ, ಬಣ್ಣ, ನಮಸ್ಕಾರ ಎಲ್ಲ ಸರಾಗವಾಗಿ ಬಂತು. ಎಡವಿದ್ದು ಆಗಿಹೋದ ಸಂಗತಿ ಹೇಳುವಲ್ಲಿ.

“ಫ್ರೆಂಚಿನಲ್ಲಿ ಮುಗಿದ ಕೆಲಸಕ್ಕೆ ಎರಡು ಮಾತು ಬೇಕು ತಂಬಿ” ಎಂದರು ಅಕ್ಕ. “ಮುಂದೆ ಒಂದು ಸಹಾಯದ ಮಾತು, ಹಿಂದೆ ಮುಗಿದ ಮಾತು. ಹೋಗೋದು, ಬರೋದು, ಹುಟ್ಟೋದು, ಸಾಯೋದು, ಇಂಥದಕ್ಕೆ ಸಹಾಯದ ಮಾತು ‘ಎತ್ರ್’. ಅಂದ್ರೆ ಇರೋದು. ಝ ಸ್ವಿ ವನ್ಯು, ನಾನು ಬಂದಿದೀನಿ.”

ಇಲ್ಲಿ ನನಗೆ ಜ್ಞಾನೋದಯವಾಯಿತು. ನಮ್ಮ ಆದವಾನಿಯಲ್ಲಿ ‘ಬಂದೀನಿ’ ಅಂದರೂ ಅದೇ ತಾನೆ. ಬಂದು ಅದೀನಿ, ಬಂದೀನಿ. ಹೋಗಿ ಅದಾನ, ಹೋಗ್ಯಾನ. ಫ್ರಾನ್ಸಿನವರು ನಮ್ಮ ಕಡೆಯಿಂದಲೇ ಕದ್ದುಕೊಂಡು ಹೋಗಿರಬೇಕು ಅನ್ನಿಸಿತು. ಅಕ್ಕನಿಗೆ ಹಾಗೇ ಹೇಳಿದೆ.

“ಇರು, ಇನ್ನೂ ಮುಗಿದಿಲ್ಲ” ಎಂದರು ಅವರು. “ತಿನ್ನೋದು, ಕೊಳ್ಳೋದು, ಮಾರೋದು, ನೋಡೋದು, ಉಳಿದ ಎಲ್ಲಕ್ಕೂ ‘ಆವ್ವಾರ್’ ಬರುತ್ತೆ. ಅಂದ್ರೆ ನನ್ನ ಹತ್ತಿರ ಇರೋದು. ಝೆ ಮಾಂಝೆ, ನಾನು ತಿಂದಿದೀನಿ.”

“ತಿಂದಮ್ಯಾಲ ಅದು ನನ್ನ ಹತ್ರ ಎಲ್ಲಿರತೈತ್ರಿ ಅಕ್ಕ?”

“ಹೊಟ್ಟೆಯಲ್ಲಿ. ಬಾಯಿ ಮುಚ್ಚಿ ಕಲಿ.”

ಬಾಯಿ ಮುಚ್ಚಿಕೊಂಡು ಭಾಷೆ ಕಲಿಯುವುದು ಹೇಗೆ ಎಂದು ಕೇಳಿದೆ. ಅಕ್ಕಿಯಲ್ಲಿ ಸಿಕ್ಕ ಕಲ್ಲು ನನ್ನ ಕಡೆಗೆ ಬಂತು. ಆದರೆ ನನ್ನ ನಾಲಿಗೆ ಆ ‘ಆವ್ವಾರ್’ಗೆ ಬಗ್ಗಲಿಲ್ಲ. ನನ್ನ ಹತ್ತಿರ ಇದೆ ಎಂದು ಹೇಳಿ ರೂಢಿ ಇದ್ದರೆ ತಾನೆ ಬಗ್ಗುವುದು. ತಿಂದೀನಿ, ನೋಡೀನಿ, ಕೊಂಡೀನಿ, ಎಲ್ಲದರಲ್ಲೂ ನನಗೆ ‘ಅದೀನಿ’ಯೇ ಕೇಳಿಸುತ್ತಿತ್ತು. ಮರುದಿನ ಊಟ ಆಯಿತೇ ಎಂದು ಅವರು ಫ್ರೆಂಚಿನಲ್ಲಿ ಕೇಳಿದರೆ, “ಝ ಸ್ವಿ ಮಾಂಝೆ” ಅಂದೆ.

“ಯಾರು ತಿಂದ್ರು ನಿನ್ನ?”

“ಏನ್ರಿ?”

“ಹಾಗಂದ್ರೆ ನಿನ್ನ ಯಾರೋ ತಿಂದಿದಾರೆ ಅಂತ. ಇಂಥ ಮಾತಿಗೆ ‘ಇರೋದು’ ಸೇರಿಸಿದ್ರೆ, ಕೆಲಸ ಮಾಡಿದವನು ನೀನಲ್ಲ. ನಿನಗೆ ಮಾಡಿದಾರೆ ಅಂತ ಆಗುತ್ತೆ.”

“ತೋಳ ತಿಂದಿರಬೇಕ್ರಿ. ಕುರಿ ಹಟ್ಟಿ ಕಡೆ ಹೋಗಿದ್ದೆ.”

ಅಕ್ಕ ನಕ್ಕರು. ನಾನು ನಗಿಸಿದೆನಲ್ಲ ಎಂದು ಹಿಗ್ಗಿದೆ, ಪಾಠ ಅಲ್ಲಿಗೆ ಮರೆತೆ. ಮನೆಗೆ ಹೋಗಿ ಅವ್ವನಿಗೂ ಅದೇ ಕತೆ ಹೇಳಿ ನಗಿಸಿದೆ. ಅಪ್ಪ ಮಾತ್ರ ಕೆಮ್ಮುತ್ತ ಕೇಳಿದ: “ಅದೆಲ್ಲ ಇರಲಿ, ಬಂತೇನು ನಿನಗ?” ಬಂದೈತಿ ಅಂದೆ.

ದೊರೆ ಬಂದ ದಿನ ಸಾವುಕಾರರು ತಮ್ಮ ಹಳೆಯ ಕೋಟು ಕಳಿಸಿದ್ದರು. ಅದರೊಳಗೆ ನಾನು ಹೊಕ್ಕರೆ ಇನ್ನೊಬ್ಬನಿಗೂ ಜಾಗ ಉಳಿಯುತ್ತಿತ್ತು. ಜಿನ್ನಿನ ಅಂಗಳದಲ್ಲಿ ದೊರೆ ಕುರ್ಚಿ ಹಾಕಿಕೊಂಡು ಕೂತಿದ್ದ. ಒಂದು ಕಡೆ ಸಾವುಕಾರರು, ಇನ್ನೊಂದು ಕಡೆ ದೊರೆಯ ದುಭಾಷಿ. ಈ ದುಭಾಷಿಗೆ ಒಬ್ಬ ಅಳಿಯ ಇದ್ದಾನೆ, ಅವನಿಗೂ ಇದೇ ಕೆಲಸ ಬೇಕಾಗಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಅಪ್ಪ ಯಂತ್ರ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಯಾರೂ ಬೈಯಲಿಲ್ಲ, ಆ ಹೊತ್ತಿಗೆ ಅವನು ಗುಮಾಸ್ತನ ಅಪ್ಪ.

ನೀನು ಎಲ್ಲಿಯವನು ಎಂದು ದೊರೆ ಕೇಳಿದ. ಆದವಾನಿಯಲ್ಲಿ ಹುಟ್ಟಿದ್ದೇನೆ ಅಂದೆ: ಝ ಸ್ವಿ ನೆ. ಸರಿಯಾಗಿತ್ತು. ಹೇಗೆ ಬಂದೆ ಎಂದ. ನಡೆದು ಬಂದಿದ್ದೇನೆ ಅಂದೆ: ಝ ಸ್ವಿ ವನ್ಯು. ಅದೂ ಸರಿ. ಅವನ ಮುಖ ಅರಳಿತು. ಹುಟ್ಟಿದ್ದು, ಬಂದದ್ದು ಇಷ್ಟರಲ್ಲೇ ಬಿಟ್ಟಿದ್ದರೆ ನಾನು ಇವತ್ತು ಪಾಂಡಿಚೇರಿಯ ಸಮುದ್ರದ ದಂಡೆಯಲ್ಲಿ ಟೋಪಿ ಹಾಕಿಕೊಂಡು ತಿರುಗುತ್ತಿದ್ದೆ. ಆದರೆ ಅವನು ಹೋದ ವರ್ಷ ಏನು ಮಾಡಿದೆ ಎಂದು ಕೇಳಿದ.

“ಹೊಳಗುಂದಕ್ಕೆ ಹೋಗಿದ್ದೇನೆ” ಅಂದೆ, ಝ ಸ್ವಿ ಆಲೆ. ಅಲ್ಲಿಂದ ಅದೇ ಓಟದಲ್ಲಿ, ಕೊಂಡೀನಿ ಅನ್ನಲು, “ಝ ಸ್ವಿ ಆಶ್ತೆ.”

ದೊರೆಯ ಹುಬ್ಬು ಮೇಲೆ ಹೋಯಿತು. “ಪಾರ್ ಕಿ?” ಅಂದ. ಯಾರಿಂದ ಎಂದು. ಯಾರ ಮುಖಾಂತರ ಕೊಂಡೆ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. ನಮ್ಮ ಸಾವುಕಾರರಿಗೂ ಒಂದಿಷ್ಟು ಹೆಸರು ಬರಲಿ ಎಂದು ಕೋಟಿನ ಉದ್ದ ತೋಳು ಬೀಸಿ ಅವರನ್ನು ತೋರಿಸಿದೆ. “ಪಾರ್ ಲ ಮಾರ್ಶಾಂ. ಈ ಸಾವುಕಾರರಿಂದ. ಆದವಾನಿಗೆ ಬಂದೆ. ಝ ಸ್ವಿ ವಾಂದ್ಯು.” ಮಾರೀನಿ ಅಂತ.

ದೊರೆ ನನ್ನನ್ನು ಬಿಟ್ಟು ಸಾವುಕಾರರನ್ನು ನೋಡಿದ. ಆಮೇಲೆ ನನ್ನ ಮೈಮೇಲಿನ ಕೋಟು ನೋಡಿದ. ಸಾವುಕಾರರು ಏನೂ ತಿಳಿಯದೆ ಹಲ್ಲು ಕಿಸಿದರು.

“ಏಮಂಟುನ್ನಾಡು ವೀಡು?” ಎಂದು, ಇವನು ಏನನ್ನುತ್ತಿದ್ದಾನೆಂದು, ದುಭಾಷಿಯನ್ನು ತೆಲುಗಿನಲ್ಲಿ ಕೇಳಿದರು.

ನನ್ನ ತಪ್ಪು ಏನೆಂದು ಆ ದುಭಾಷಿಗೆ ಖಂಡಿತ ತಿಳಿದಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಅಂಗಿಯ ತೋಳು ಕೊಡವಿಕೊಂಡು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದ: “ನೀವು ಇವನ್ನ ಕೊಂಡುಕೊಂಡೀರಂತ್ರಿ. ಹೋದ ವರ್ಷದಿಂದ ಇವ ನಿಮ್ಮ ಕಡಿಗೆ ಮಾರಾಟ ಆಗ್ಯಾನಂತ. ತಾನೇ ಹೇಳಾಕತ್ಯಾನ, ಪಾಪ, ಸುಳ್ಳು ಹೇಳೋ ಹುಡುಗ ಅಲ್ಲ.”

ಹಮಾಲರು ನಕ್ಕರು. ನಗು ಕೇಳಿ ನಾನೂ ನಕ್ಕೆ, ರೂಢಿ. ದೊರೆ ನಗಲಿಲ್ಲ, ಹಿಂದಿನ ವರ್ಷವಷ್ಟೇ ಲಂಚಕ್ಕೆ ಮಾರಾಟವಾದ ಗುಮಾಸ್ತನನ್ನು ಕಂಡವನು ಅವನು. ಟೋಪಿ ಎತ್ತಿಕೊಂಡು ರಸ್ತೆ ದಾಟಿ ಎದುರಿನ ಇನ್ನೊಬ್ಬ ಸಾವುಕಾರರ ಪ್ರೆಸ್ಸಿಗೆ ಹೋದ. ಆ ಸುಗ್ಗಿಯ ಹತ್ತಿಯೆಲ್ಲ ಅಲ್ಲೇ ಕೊಂಡ. ಗುಮಾಸ್ತನ ಕೆಲಸ ದುಭಾಷಿಯ ಅಳಿಯನಿಗೆ ಸಿಕ್ಕಿತು.

ಸಾವುಕಾರರು ನನ್ನನ್ನು ಬೈಯಲಿಲ್ಲ. “ಕೋಟು ಬಿಚ್ಚಿ ಅಲ್ಲಿಡಪ್ಪ” ಅಂದರು, ಅಷ್ಟೇ. ಮರುದಿನದಿಂದ ಅಪ್ಪನನ್ನು ಯಂತ್ರದ ಮುಂದಿನಿಂದ ತೆಗೆದು ಅರಳೆ ತುಳಿಯುವ ಕೋಣೆಗೆ ಹಾಕಿದರು. ಆ ಕೋಣೆಗೆ ಕಿಟಕಿ ಇರಲಿಲ್ಲ.

ಸಂಜೆ ಅಪ್ಪ ಮೀಸೆ ಮಾತ್ರವಲ್ಲ, ರೆಪ್ಪೆಯೂ ಬೆಳ್ಳಗಾಗಿ ಬಂದ. ಕಟ್ಟೆಯ ಮೇಲೆ ಕೂತು ಕೆಮ್ಮು ನಿಲ್ಲುವವರೆಗೆ ಕಾದು ಕೇಳಿದ: “ಏನಂದಿಲೇ ನೀ ಅವಗ?”

“ಹತ್ತಿ ಕೊಂಡೀನಿ ಅಂದೆ ಅಪ್ಪ.”

“ಅಷ್ಟಕ್ಕ ಹಿಂಗಾತೇನು?”

“ಫ್ರೆಂಚಿನ್ಯಾಗ ಅದು ಬ್ಯಾರೆ ಆಗತೈತಿ.”

“ಮತ್ತ ಮೊದಲ ಯಾಕ ಹೇಳಲಿಲ್ಲ, ಬ್ಯಾರೆ ಆಗತೈತಿ ಅಂತ?” ಅಂದ. ಅವ್ವ ನೀರು ತಂದಳು.

ಒಂದಷ್ಟು ದಿನ ಫಿಟ್ಟರನ ಮನೆಯ ಕಡೆ ಹೋಗಲಿಲ್ಲ. ಆಮೇಲೆ ಹೋದೆ, ಜಗಳಕ್ಕೇ ಹೋದೆ ಅನ್ನಿ. ಅಕ್ಕ ಮೊರ ಪಕ್ಕಕ್ಕಿಟ್ಟು, ದೊರೆಯ ಮುಂದೆ ಹೇಳಿದ್ದನ್ನು ಮೊದಲಿನಿಂದ ಹಾಗೇ ಹೇಳು ಎಂದರು. ಹುಟ್ಟಿದ್ದು, ಬಂದದ್ದು, ಹೊಳಗುಂದಕ್ಕೆ ಹೋದದ್ದು, ಕೊಂಡದ್ದು, ಸಾವುಕಾರರಿಂದ, ಮಾರಿದ್ದು. ಒಂದಕ್ಷರ ಬಿಡದೆ ಹೇಳಿದೆ. ಅವರು ಬೆರಳು ಮಡಿಸುತ್ತ ಕೇಳಿದರು. ನಗಲಿಲ್ಲ.

“ಇದರಲ್ಲಿ ಎಲ್ಲಿ ತಪ್ಪಾತ್ರಿ ಅಕ್ಕ?” ಅಂದೆ.

“ಅದೇ ನೋಡು ತಂಬಿ” ಎಂದರು. “ಎಲ್ಲಿಯೂ ಒಂದು ತಪ್ಪಿಲ್ಲ. ‘ಸಾವುಕಾರರು ನನ್ನನ್ನು ಕೊಂಡಿದಾರೆ, ನಾನು ಮಾರಾಟ ಆಗಿದೀನಿ’ ಅನ್ನೋದಕ್ಕೆ ಅದೇ ಸರಿಯಾದ ಫ್ರೆಂಚು. ಇಷ್ಟು ದಿನದಲ್ಲಿ ನೀನು ತಪ್ಪಿಲ್ಲದೆ ಹೇಳಿದ್ದು ಇದೊಂದೇ. ಒಂದು ಕಡೆ ಎಡವಿದ್ದರೂ, ಈ ಹುಡುಗನಿಗೆ ಭಾಷೆ ಬರೋದಿಲ್ಲ ಅಂತ ದೊರೆಗೆ ತಿಳೀತಿತ್ತು. ನಕ್ಕು ಬಿಡ್ತಿದ್ದ.”