ಅಹ್ತಿಯ ದೊಡ್ಡ ಪರದೆ
ಗುಂಯ್ ಎಂದು ಶುರುವಾಗಿ ಹಿಟ್ಟಿನ ಗಿರಣಿಯಂತೆ ಏರುವ ಸದ್ದು ಕೇಳಿದರೆ, ಅಹ್ತಿ ತನ್ನ ಲ್ಯಾಪ್‌ಟಾಪಿಗೆ ದೊಡ್ಡ ಪರದೆ ಜೋಡಿಸಿದ ಎಂದೇ ಅರ್ಥ. ಬೂಟು ಬಾಗಿಲಲ್ಲೇ ಬಿಟ್ಟು ಬರುವ, ಸೀನು ಬಂದರೂ ಹೊರಗೆ ಹೋಗಿ ಸೀನುವ ನಮ್ಮ ಔಲು ನಗರದ ನಕ್ಷೆ ಕಚೇರಿಯಲ್ಲಿ ಅದೊಂದೇ ಗದ್ದಲ; ಅದಕ್ಕೆ ಅವನಷ್ಟು ನಾಚಿಕೊಳ್ಳುವವರೂ ಬೇರೆ ಯಾರೂ ಇಲ್ಲ. ಲ್ಯಾಪ್‌ಟಾಪಿನೊಳಗಿನ ಫ್ಯಾನು ಜೋರಾದಾಗಲೆಲ್ಲ ತಾನೇ ಕೆಮ್ಮಿದವನಂತೆ "ಕ್ಷಮಿಸಿ" ಅನ್ನುತ್ತಾನೆ. ಜನವರಿಯ ಹಿಮದಲ್ಲೂ ಕಿಟಕಿಯನ್ನು ಬೆರಳಗಲ ತೆರೆದು, ಕಾದ ಲ್ಯಾಪ್‌ಟಾಪನ್ನು ಅತ್ತ ತಳ್ಳುತ್ತಾನೆ. ನಾವು ಕೋಟು ಹಾಕಿಕೊಂಡರೆ ಅದಕ್ಕೂ ಕ್ಷಮೆ ಕೇಳುತ್ತಾನೆ. "ಹೊಸದು ಕೇಳೋ ಮಾರಾಯ" ಅಂದರೆ, "ಇನ್ನೂ ನಡೀತಿದೆಯಲ್ಲ" ಅನ್ನುತ್ತಾನೆ. ನಿನ್ನೆ ಕಾಫಿ ಹೊತ್ತಿಗೆ ನಾನೇ, "ಅಹ್ತಿ, ನಿನ್ನ ವಿಮಾನ ಎಷ್ಟೊತ್ತಿಗೆ ಹೊರಡುತ್ತೆ?" ಎಂದು ಕೇಳಿದೆ. ಎಲ್ಲರೂ ನಕ್ಕರು, ಅವನೂ ನಕ್ಕ. ಇವತ್ತು ಕಚೇರಿಯಲ್ಲಿ ಸದ್ದೇ ಇಲ್ಲ. ಹೋಗಿ ನೋಡಿದರೆ ದೊಡ್ಡ ಪರದೆಯ ತಂತಿ ಕಿತ್ತು ಸುತ್ತಿಟ್ಟಿದ್ದಾನೆ. ಸಣ್ಣ ಪರದೆಗೆ ಮೂಗು ತಾಗಿಸಿ, ಒಂದು ಬೀದಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದಾನೆ. "ಕಣ್ಣು ಕಾಣಲ್ವೇನೋ?" ಎಂದೆ. "ಮೆಲ್ಲಗೆ ಮಾತಾಡು," ಅಂದ, "ಹೊಸದು ಕೇಳೋ ಅರ್ಜೀಲಿ ದೊಡ್ಡ ಪರದೆ ಯಾಕೆ ಬೇಕು ಅಂತ ಕಾರಣ ಬರೀಬೇಕು. ನಕ್ಷೆ ಬರೆಯೋನು ಏನಂತ ಬರೀಲಿ?" ನನ್ನ ಮುಖ ಬಿಸಿಯಾಯಿತು. ತಂತಿ ಬಿಚ್ಚುತ್ತಾ, "ಇದನ್ನ ಹಾಕ್ಕೋ, ಸದ್ದಾದ್ರೆ ಆಗ್ಲಿ. ನಿನ್ನೆ ನಾನು ಅಂದಿದ್ದು..." ಎನ್ನುವಷ್ಟರಲ್ಲಿ ಅವನು, "ಇಲ್ಲ ಇಲ್ಲ, ನಿಮಗೆಲ್ಲ ತೊಂದರೆ" ಎಂದು ಎದ್ದು, ಒಂದೊಂದು ಮೇಜಿನ ಅಂಚನ್ನೂ ಬೆರಳಲ್ಲಿ ಮುಟ್ಟಿಕೊಳ್ಳುತ್ತಾ ನಡೆದುಬಿಟ್ಟ.